ಪಿಟಿಓ ಗಾರ್ಡ್ ಎಲ್ಲಿ ಹೋಯ್ತು ಸ್ವಾಮಿ?



ರಾಗಿ, ಮೆಕ್ಕೆಜೋಳದ ಒಕ್ಕಣೆ ಶುರುವಾದ್ರೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತೆ: ಯಂತ್ರಕ್ಕೆ ಸೀರೆ ಸಿಲುಕಿ ಕೂಲಿ ಮಹಿಳೆ ಸಾವು. ಸೀರೆದೇ ತಪ್ಪು ಅನ್ನೋ ಹಾಗೆ! ಊರಲ್ಲಿ ಕೇಳಿದ್ರೆ 'ಹುಷಾರಾಗಿರಬೇಕಿತ್ತು' ಅಂತಾರೆ.

ಆ ಹುಷಾರಿನ ಲೆಕ್ಕ ನೋಡೋಣ. ಟ್ರ್ಯಾಕ್ಟರ್ ಹಿಂದಿನಿಂದ ಒಕ್ಕಣೆ ಯಂತ್ರಕ್ಕೆ ಶಕ್ತಿ ಕೊಡೋ ಪಿಟಿಓ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಸೆಕೆಂಡಿಗೆ 9. ಸೆರಗು ಸಿಕ್ಕವಳು ಕೂಗಿ, ಆ ಸದ್ದಿನಲ್ಲಿ ಅದು ಡ್ರೈವರ್ ಕಿವಿಗೆ ಬಿದ್ದು, ಅವನು ಕ್ಲಚ್ ತುಳಿಯೋಕೆ ಬರೀ 2 ಸೆಕೆಂಡು ಅಂದ್ರೂ 18 ಸುತ್ತು. ಯಾವ ಹುಷಾರು ಉಳಿಸುತ್ತೆ?

ಉಳಿಸೋದು ಒಂದು ಪ್ಲಾಸ್ಟಿಕ್ ಕೊಳವೆ. ಒಳಗೆ ಶಾಫ್ಟ್ ತಿರುಗಿದ್ರೂ ಅದು ತಿರುಗಬಾರದು, ಅದಕ್ಕೇ ಸಣ್ಣ ಚೈನು ಕಟ್ಟಿರ್ತಾರೆ. ಗ್ರೀಸ್ ಹೊಡೆಯೋಕೆ ಅಡ್ಡ ಅಂತ ಅದನ್ನ ಕಿತ್ತೆಸೀತಾರೆ, ಒಡೆದರೆ ಹೊಸದು ಹಾಕಲ್ಲ. ಟ್ರ್ಯಾಕ್ಟರಿನ ಸೌಂಡ್ ಸಿಸ್ಟಮ್ಮಿಗೆ, ಮುಂದಿನ ಹೆಸರಿನ ಬೋರ್ಡಿಗೆ ಮಾತ್ರ ದುಡ್ಡಿದೆ.

ಇಲ್ಲೂ ಜಾತಿ ತರ್ತೀಯಾ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಟ್ರ್ಯಾಕ್ಟರ್ ಯಾರ ಹೆಸರಲ್ಲಿದೆ, ಶಾಫ್ಟ್ ಪಕ್ಕ ಬಗ್ಗಿ ತೆನೆ ತುಂಬೋರು ಯಾವ ಕೇರಿಯವರು, ನಿಮ್ಮೂರ ಕಣಕ್ಕೇ ಹೋಗಿ ನೋಡ್ಕೊಂಡು ಬನ್ನಿ. ಆಮೇಲೆ ಮಾತಾಡೋಣ.

ಕಾನೂನು ಇಲ್ಲ ಅಂತಲ್ಲ. ಒಕ್ಕಣೆ ಯಂತ್ರಗಳಿಗೇ ಅಂತ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿದೆ, ಸತ್ತವರಿಗೆ, ಗಾಯಗೊಂಡವರಿಗೆ ಪರಿಹಾರವೂ ಅದರಲ್ಲಿದೆ. 40 ವರ್ಷ ದಾಟಿದರೂ ನಮ್ಮ ಕೇರಿಗಳಲ್ಲಿ ಅದರ ಹೆಸರು ಕೇಳಿದವರು ಎಷ್ಟು ಜನ? ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 289ನೇ ಕಲಂ ಇದೆ, ಸಾವಾದರೆ 106. ನಡೆಯೋದು ಮಾತ್ರ ಯುಡಿಆರ್. ಊರ ಹಿರಿಯರ ಮುಂದೆ ಒಂದಷ್ಟು ನೋಟು ಎಣಿಸಿ, ಬಿಳಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಮುಗಿಸ್ತಾರೆ. ದಿನವಿಡೀ ಕಡತಗಳ ಮಧ್ಯೆ ಕೂರೋ ಗುಮಾಸ್ತ ನಾನು. 'ಆಕಸ್ಮಿಕ' ಅನ್ನೋ ಒಂದು ಪದಕ್ಕೆ ಫೈಲು ಎಷ್ಟು ಬೇಗ ಮುಚ್ಚುತ್ತೆ ಅಂತ ಚೆನ್ನಾಗಿ ಬಲ್ಲೆ.

ಅದಕ್ಕೇ ಹೇಳ್ತಿರೋದು, ಯಂತ್ರ ಎತ್ತಂಗಡಿ ಆಗೋ ಮೊದಲು ಮೊಬೈಲಲ್ಲಿ ಶಾಫ್ಟಿನ ಫೋಟೋ ತೆಗೀರಿ. ಮಹಜರಿನಲ್ಲಿ 'ಗಾರ್ಡ್ ಇರಲಿಲ್ಲ' ಅನ್ನೋ ಸಾಲು ಬರೆಸದೆ ಸಹಿ ಹಾಕಬೇಡಿ. ರಾಜಿ ಕಾಗದ ಮುಟ್ಟಲೇಬೇಡಿ. ಗಾರ್ಡ್ ಇಲ್ಲದ ಯಂತ್ರ ಬಾಡಿಗೆಗೆ ಬಿಡಬಾರದು ಅಂತ ಕೃಷಿ ಯಂತ್ರಧಾರೆ ಕೇಂದ್ರಗಳಿಗೆ, ಕೃಷಿ ಇಲಾಖೆಗೆ ಮನವಿ ಕೊಡೋಣ, ಸಂಘಟನೆಯ ಲೆಟರ್‌ಹೆಡ್ಡಿನಲ್ಲೇ. ನಾಳೆ ಕಣಕ್ಕೆ ಹೋಗೋ ಅಕ್ಕತಂಗಿಯರಿಗೆ ಇವತ್ತೇ ಹೇಳಿ: ಗಾರ್ಡ್ ಹಾಕೋವರೆಗೂ ಒಂದು ತೆನೆನೂ ಎತ್ತಬೇಡಿ.