ನೋಟಿಸ್ ಕೈಬಿಟ್ಟರೆ ಸಾಲದು, ಕಾನೂನು ಬದಲಾಗಬೇಕು

2025ರ ಜುಲೈನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಜಿಎಸ್‌ಟಿ ಕಟ್ಟಿ ಎಂದು ನೋಟಿಸ್ ಬಂತು. ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ಅವರ ಖಾತೆಗೆ ಬಂದಿದ್ದ ಮೊತ್ತ 1.63 ಕೋಟಿ. ಅದಕ್ಕೆ ಶೇ 18 ಹಾಕಿ ನೋಡಿ, ಹೆಚ್ಚುಕಡಿಮೆ ಅದೇ 29 ಲಕ್ಷ ಬರುತ್ತದೆ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಿನಾಯಿತಿ ಇರುವ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಿಲ್ಲ ಎಂದು ಕಾಯ್ದೆಯ 23ನೇ ಕಲಂ ಹೇಳುತ್ತದೆ. ಆದರೂ ಮಾರಿದ್ದೇನು ಎಂಬುದು ತೀರ್ಮಾನವಾಗುವ ಮೊದಲೇ ತೆರಿಗೆಯ ಮೊತ್ತ ಕಾಗದದ ಮೇಲೆ ಬಂದು ಕೂತಿತ್ತು.

ಆ ತಿಂಗಳು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಸಾವಿರಾರು ಜನ ಇಂಥದೇ ನೋಟಿಸ್ ಹಿಡಿದು ಆಡಿಟರ್‌ಗಳ ಬಾಗಿಲಿಗೆ ಅಲೆದರು. ಬೆಂಗಳೂರಿನ ಬೀದಿ ಬೀದಿಯಲ್ಲಿ ಕ್ಯೂಆರ್ ಕೋಡ್ ಹರಿದುಹಾಕಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಚೀಟಿ ಅಂಟಿಸಿದರು. ಜುಲೈ 25ಕ್ಕೆ ಬಂದ್‌ಗೆ ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಕಡ್ಡಾಯ ಎಂದರು. ಬಂದ್ ವಾಪಸಾಯಿತು. ವಿವಾದ ಮುಗಿಯಿತು ಎಂದು ಬಹಳ ಜನ ನಂಬಿದರು. ನಾನು ನಂಬುವುದಿಲ್ಲ. ಸಭೆಯಲ್ಲಿ ಕೊಟ್ಟ ಮಾತು ಕಾಯ್ದೆಯಲ್ಲ. ನೋಟಿಸ್ ಹುಟ್ಟಿಸಿದ ಕಲಂಗಳು ಇದ್ದಲ್ಲೇ ಇವೆ.

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು. ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ 40 ಲಕ್ಷವನ್ನು ಎಣಿಸುವ ರೀತಿಗೆ ಮತ್ತು ನಾಲ್ಕು ವರ್ಷ ಹಿಂದಕ್ಕೆ ಹೋಗಿ ವಸೂಲಿಗೆ ಇಳಿಯುವ ಕ್ರಮಕ್ಕೆ.

ದಿನಕ್ಕೆ 11 ಸಾವಿರ ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 40 ಲಕ್ಷ ದಾಟುತ್ತದೆ. ಬೆಳಗಿನ ಜಾವ ಹಾಲಿನ ಕ್ರೇಟ್ ಇಳಿಸಿಕೊಳ್ಳುವ ಕಾಂಡಿಮೆಂಟ್ಸ್ ಅಂಗಡಿಗೆ ಅದೇನು ದೊಡ್ಡ ಮೊತ್ತವಲ್ಲ. ಹಾಲಿಗೆ ತೆರಿಗೆ ಇಲ್ಲ, ಬ್ರೆಡ್‌ಗೂ ಇಲ್ಲ. ಪ್ಯಾಕೆಟ್ಟಿಗೆ ಅಂಗಡಿಯವರಿಗೆ ಉಳಿಯುವುದು ಪುಡಿಗಾಸು. ಆದರೂ ಅದೇ ಅಂಗಡಿಯಲ್ಲಿ ಬಿಸ್ಕೆಟ್ಟು, ಸಿಗರೇಟು ಇದ್ದರೆ ಹಾಲಿನ ಪೂರ್ತಿ ಬೆಲೆಯೂ ಒಟ್ಟು ವಹಿವಾಟಿಗೆ ಸೇರುತ್ತದೆ. ಇನ್ನು ಕ್ಯೂಆರ್ ಕೋಡ್‌ಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡೂ ಅಲ್ಲ. ‘ಅಣ್ಣ, ಐನೂರು ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡಿ’ ಎಂದು ಗಿರಾಕಿ ಕೇಳುವುದು ದಿನನಿತ್ಯದ ಮಾತು. ಚೀಟಿ ದುಡ್ಡು, ಭಾವಮೈದುನ ತೀರಿಸಿದ ಕೈಸಾಲ, ಮಗ ಊರಿಂದ ಕಳಿಸಿದ ಹಣ ಎಲ್ಲವೂ ಅದೇ ನಂಬರಿಗೆ ಬೀಳುತ್ತವೆ. ಯಾವುದು ಯಾವುದು ಎಂದು 2021ರಿಂದ ಲೆಕ್ಕ ಒಪ್ಪಿಸಿ ಎಂದರೆ ಆ ಅಂಗಡಿಯವರು ಎಲ್ಲಿಂದ ತರಬೇಕು?

ಅತಿ ದೊಡ್ಡ ಅನ್ಯಾಯ ಇರುವುದು ದರದಲ್ಲಿ. ಸಣ್ಣ ವ್ಯಾಪಾರಿಗೆಂದೇ ಕಾಂಪೊಸಿಷನ್ ಸ್ಕೀಮ್ ಇದೆ, ಇಲಾಖೆಯ ಭಾಷೆಯಲ್ಲಿ ರಾಜಿ ತೆರಿಗೆ. ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ಶೇ 1 ಕಟ್ಟಿದರೆ ಆಯಿತು. ಆದರೆ ಇದು ನೋಂದಣಿಯಾದ ಮೇಲೆ ಮಾತ್ರ ಸಿಗುತ್ತದೆ, ಹಿಂದಿನ ವರ್ಷಗಳಿಗೆ ಇಲ್ಲ. ವರ್ಷಕ್ಕೆ 50 ಲಕ್ಷ ವಹಿವಾಟಿನ ಅಂಗಡಿ ಇದ್ದು, ಅಲ್ಲಿನ ಸರಕೆಲ್ಲ ಶೇ 18ರ ದರದ್ದು ಎಂದಿಟ್ಟುಕೊಳ್ಳಿ. ಸಕಾಲಕ್ಕೆ ಗೊತ್ತಿದ್ದರೆ 50 ಸಾವಿರದಲ್ಲಿ ಮುಗಿಯುತ್ತಿತ್ತು. ನೋಟಿಸ್ ಬಂದ ಮೇಲೆ ಅದೇ 9 ಲಕ್ಷ, ಮೇಲೆ ಬಡ್ಡಿ, ದಂಡ. ಶೇ 10 ಲಾಭ ಎಂದರೂ ಅವರು ದುಡಿದದ್ದೇ 5 ಲಕ್ಷ. ಅದೂ ಅಲ್ಲದೆ ಅವರು ಸಗಟು ಅಂಗಡಿಯಿಂದ ತಂದ ಬಿಸ್ಕೆಟ್ಟಿಗೆ ತೆರಿಗೆ ಆಗಲೇ ಸಂದಾಯವಾಗಿದೆ. ನೋಂದಣಿ ಇಲ್ಲದ ಕಾರಣ ಅದರ ಕ್ರೆಡಿಟ್ ಅವರಿಗೆ ಸಿಗುವುದಿಲ್ಲ. ಒಂದೇ ಪ್ಯಾಕೆಟ್ಟಿನ ಮೇಲೆ ಪೂರ್ತಿ ತೆರಿಗೆ ಎರಡು ಸಲ. ಲಾಭಕ್ಕಿಂತ ತೆರಿಗೆಯೇ ಹೆಚ್ಚಾದರೆ ಕಟ್ಟುವುದು ಅಂಗಡಿ ಮಾರಿಯೇ.

ಕಾನೂನು ಗೊತ್ತಿಲ್ಲ ಎನ್ನುವುದು ನೆಪವಾಗಬಾರದು ಎಂದು ತೆರಿಗೆ ಅಧಿಕಾರಿಗಳು ಹೇಳುತ್ತಾರೆ. ಒಪ್ಪೋಣ. ಆದರೆ ಇಲಾಖೆಯ ಹೊಣೆ ಏನು? 2021–22ರ ಯುಪಿಐ ಲೆಕ್ಕವನ್ನು ಆ ವರ್ಷವೇ ತರಿಸಿಕೊಂಡು, ‘ನಿಮ್ಮ ವಹಿವಾಟು ಮಿತಿ ಹತ್ತಿರ ಬಂದಿದೆ, ನೋಂದಣಿ ಮಾಡಿಸಿ, ಶೇ 1 ಕಟ್ಟಿದರೆ ಸಾಕು’ ಎಂದು ಕನ್ನಡದಲ್ಲಿ ಒಂದು ಎಸ್‌ಎಂಎಸ್ ಕಳಿಸಿದ್ದರೆ ಸಾಕಿತ್ತು. ನಾಲ್ಕು ವರ್ಷ ಸುಮ್ಮನಿದ್ದು ಎಲ್ಲವನ್ನೂ ಒಟ್ಟಿಗೆ ಕೇಳಿದ್ದು ಆಡಳಿತದ ತಪ್ಪು. 2016ರ ನೋಟು ರದ್ದತಿಯ ನಂತರ ಡಿಜಿಟಲ್ ಪಾವತಿಗೆ ಬನ್ನಿ ಎಂದು ಇವರನ್ನು ಕರೆದದ್ದೂ ಸರ್ಕಾರವೇ. ಕರೆಗೆ ಓಗೊಟ್ಟವರಿಗೆ ನೋಟಿಸ್ ಬಂತು. ಗಲ್ಲಾಪೆಟ್ಟಿಗೆಯಲ್ಲಿ ಬರೀ ನೋಟು ತುಂಬಿಸಿಕೊಂಡ ಪಕ್ಕದ ಅಂಗಡಿಗೆ ಬರಲಿಲ್ಲ.

ಈ ನಡುವೆ ಕೇಂದ್ರ ಸಚಿವ ಪ್ರಲ್ಹಾದ ಜೋಶಿ ರಾಜ್ಯದತ್ತ ಬೆರಳು ತೋರಿಸಿದರು, ರಾಜ್ಯದ ನಾಯಕರು ಜಿಎಸ್‌ಟಿ ಕೇಂದ್ರದ್ದು ಎಂದರು. ನೋಟಿಸ್ ಕಳಿಸಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಕಾಯ್ದೆಗೆ ದಿಕ್ಕು ತೋರಿಸುವುದು ಇಬ್ಬರೂ ಕೂರುವ ಜಿಎಸ್‌ಟಿ ಕೌನ್ಸಿಲ್. ಇಬ್ಬರೂ ನುಣುಚಿಕೊಳ್ಳುವಂತಿಲ್ಲ.

ದಾರಿ ಕಾಯ್ದೆಯೊಳಗೇ ಇದೆ. 2024ರಲ್ಲಿ ಸೇರಿಸಿದ 11ಎ ಕಲಂ ಪ್ರಕಾರ, ಯಾವುದಾದರೂ ಸರಬರಾಜಿಗೆ ತೆರಿಗೆ ಕಟ್ಟದಿರುವುದು ಎಲ್ಲೆಡೆ ರೂಢಿಯಲ್ಲಿದ್ದರೆ, ಕೌನ್ಸಿಲ್ ಶಿಫಾರಸಿನ ಮೇಲೆ ಹಳೆಯ ತೆರಿಗೆಯನ್ನು ಬಿಟ್ಟುಬಿಡಬಹುದು. ಬೀದಿಬದಿಯ ಅಂಗಡಿಗಳ ಪಾಡು ಇದಕ್ಕೆ ಹೊಂದುತ್ತದೆ ಎಂದು ಕೌನ್ಸಿಲ್‌ನಲ್ಲಿ ರಾಜ್ಯವನ್ನು ಪ್ರತಿನಿಧಿಸುವ ಕೃಷ್ಣ ಬೈರೇಗೌಡರು ಲಿಖಿತವಾಗಿ ವಾದಿಸಲಿ, ಜೋಶಿಯವರು ದೆಹಲಿಯಲ್ಲಿ ದನಿಗೂಡಿಸಲಿ. ಕೌನ್ಸಿಲ್ ಈ ಕಲಂ ಸಾಲದು ಎಂದರೆ, ಹೊಸದಾಗಿ ಪತ್ತೆಯಾದ ಸಣ್ಣ ವ್ಯಾಪಾರಿಗೆ ಹಿಂದಿನ ವರ್ಷಗಳಿಗೂ ಶೇ 1ರ ದರವೇ ಅನ್ವಯವಾಗುವಂತೆ ತಿದ್ದುಪಡಿ ತರಿಸಲಿ. ಅಧಿಸೂಚನೆ ಕೈಗೆ ಬರುವ ತನಕ ವ್ಯಾಪಾರಿಗಳು ತಮಗೆ ಬಂದ ನೋಟಿಸನ್ನೂ ಕೊಟ್ಟ ಉತ್ತರದ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಂಡಿರಲಿ.