ಕಾಮಣಿ ಬಂದಾಗ ಬರೆ ಬೇಡ

ಕಲ್ಮಲ, ದೇವದುರ್ಗ, ಮಾನ್ವಿ ಸೀಮೆಯ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಕಣ್ಣು ಹಳದಿಯಾದೊಡನೆ ರೋಗಿಯನ್ನು ಮೊದಲು ಕರೆದೊಯ್ಯುವುದು ಸೊಪ್ಪಿನ ರಸ ಕೊಡುವವರ ಅಥವಾ ಕೈಗೆ ಬರೆ ಹಾಕುವವರ ಬಳಿಗೆ. ಬರೆಯಿಂದ ಎಷ್ಟೋ ಜನ ಗುಣವಾಗಿದ್ದಾರಲ್ಲ ಎಂದು ಭಕ್ತರು ಕೇಳುವುದುಂಟು. ಕಲುಷಿತ ನೀರು, ಆಹಾರಗಳಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಣಿಗಳು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಕೀರ್ತಿ ಮಾತ್ರ ಬರೆಗೆ ಸಲ್ಲುತ್ತದೆ. ನಮ್ಮ ಚಿಂತೆ ಹಾಗೆ ಗುಣವಾಗದ ಕೆಲವರ ಕುರಿತದ್ದು.

ನಮ್ಮ ಕರುಳಿನಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅಲ್ಲಿರುವವರೆಗೆ ಅವುಗಳಲ್ಲಿ ಬಹಳಷ್ಟು ಉಪಕಾರಿಗಳೇ. ಕರುಳಿನಿಂದ ಹೊರಟ ರಕ್ತವು ನೇರವಾಗಿ ಹೃದಯಕ್ಕೆ ಹೋಗದೆ ಮೊದಲು ಯಕೃತ್ತಿಗೆ ಬರುತ್ತದೆ. ಯಕೃತ್ತನ್ನು ಸೇರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ಮಾರ್ಗದಿಂದಲೇ ಬರುವಂಥದು. ಅದರೊಡನೆ ನುಸುಳಿ ಬಂದ ಸೂಕ್ಷ್ಮಾಣುಗಳನ್ನು ಅಲ್ಲಿರುವ ಕುಪ್ಫರ್ ಕೋಶಗಳು ಹಿಡಿದು ನುಂಗುತ್ತವೆ. ಯಕೃತ್ತು ದೇಹದ ಕಾವಲು ಬಾಗಿಲು.

ಯಕೃತ್ತಿಗೆ ಹಠಾತ್ತನೆ ತೀವ್ರ ಪೆಟ್ಟು ಬಿದ್ದಾಗ ಈ ಕಾವಲು ಕುಸಿಯುತ್ತದೆ, ಕರುಳಿನ ಒಳಗೋಡೆಯೂ ಸಡಿಲಗೊಳ್ಳುತ್ತದೆ. ಆಗ ಕರುಳಿನ ನಿವಾಸಿಗಳೇ ರಕ್ತಕ್ಕೆ ಸೇರಿ ಮೈಗೆಲ್ಲ ಹರಡಿ ನಂಜೇರಬಹುದು. ತೀವ್ರ ಯಕೃತ್ ವೈಫಲ್ಯದಲ್ಲಿ ಸಾವಿನ ಮುಖ್ಯ ಕಾರಣಗಳಲ್ಲಿ ಸೋಂಕೂ ಒಂದು. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಶುದ್ಧೀಕರಿಸುವ ಶಕ್ತಿಯೂ ಕುಂದುವುದರಿಂದ ಅದು ಮಿದುಳನ್ನು ತಲುಪಿ ಪ್ರಜ್ಞೆಯನ್ನು ಮಂಕಾಗಿಸುತ್ತದೆ.

ಒಳಗಿನ ಕಾವಲು ಕುಸಿದ ದೇಹಕ್ಕೆ ಬರೆ ಹಾಕುವುದೆಂದರೆ ಸುಟ್ಟಗಾಯದ ಮೂಲಕ ಹೊರಗಿನ ಸೋಂಕಿಗೂ ದಾರಿ ಮಾಡಿಕೊಟ್ಟಂತೆ. ಪಥ್ಯದ ಹೆಸರಿನಲ್ಲಿ ಉಪವಾಸವಿರಿಸುವುದೂ ತರವಲ್ಲ. ಅನ್ನ ಕಾಣದ ಕರುಳಿನ ಗೋಡೆ ಇನ್ನಷ್ಟು ದುರ್ಬಲವಾಗುತ್ತದೆ. ವೈದ್ಯರನ್ನು ಕೇಳದೆ ಗುಳಿಗೆ ನುಂಗುವುದೂ ಅಪಾಯಕರ. ಪ್ಯಾರಾಸಿಟಮಾಲ್ ಕೂಡ ಅತಿಯಾದರೆ ಯಕೃತ್ತನ್ನು ಕೆಡಿಸಬಲ್ಲದು.

ಹಿರಿಯರ ಗಿಡಮೂಲಿಕೆಯ ಜ್ಞಾನವನ್ನು ನಾವು ಹೀಗಳೆಯುತ್ತಿಲ್ಲ. ಆದರೆ ಕಾಮಣಿ ಕಂಡೊಡನೆ ಮೊದಲು ರಕ್ತ ಪರೀಕ್ಷೆಯಾಗಲಿ. ಹಗಲು ಮಂಪರು, ರಾತ್ರಿ ನಿದ್ರಾಹೀನತೆ, ತೊದಲು ಮಾತು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ರಾಯಚೂರಿನ ರಿಮ್ಸ್‌ನಂತಹ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಗರ್ಭಿಣಿಯರ ವಿಷಯದಲ್ಲಿ ಈ ಲಕ್ಷಣಗಳಿಗಾಗಿಯೂ ಕಾಯಬಾರದು. ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ತಾಯಿಯ ಪ್ರಾಣಕ್ಕೇ ಎರವಾಗಬಲ್ಲದು.

2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಜೀವಗಳನ್ನು ಬಲಿ ಪಡೆದುದನ್ನು ನಾವು ಮರೆತಿಲ್ಲ. ಈ ಕಾಮಣಿಗಳಿಗೂ ಅಂಥ ನೀರೇ ದಾರಿ. ಮನೆಯಲ್ಲಾಗಲಿ ದಾಸೋಹದಲ್ಲಾಗಲಿ ಕುದಿಸಿ ಆರಿಸಿದ ನೀರನ್ನೇ ನೀಡೋಣ. ಬರೆಗಾಗಿ ಕಳೆದ ಎರಡು ದಿನಗಳನ್ನು ಮರಳಿ ತರಲು ಯಾವ ವೈದ್ಯರಿಂದಲೂ ಆಗದೆಂಬುದನ್ನು ಸದ್ಭಕ್ತರು ನೆನಪಿಡಬೇಕೆಂದು ನಮ್ಮ ವಿನಂತಿ.