ಕಾರ್ಡು ನಮ್ಮದು, ಹೆಬ್ಬೆಟ್ಟು ನಮ್ಮದು: ಲೆಕ್ಕ ಕೇಳೋಣ ಬನ್ನಿ!

ಅಂಬ್ಲಿಗೊಳ ಹಾಗೂ ಸುತ್ತಮುತ್ತಲ ಹಳ್ಳಿಗಳ ಬಂಧುಗಳೇ, ಶಿಕಾರಿಪುರ, ಸೊರಬ ತಾಲ್ಲೂಕಿನ ಅಣ್ಣಂದಿರೇ, ಅಕ್ಕಂದಿರೇ,

ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೀರಲ್ಲ ಆಯುಷ್ಮಾನ್ ಕಾರ್ಡು, ಬಿಪಿಎಲ್ ಕುಟುಂಬಕ್ಕೆ ಅದರ ಬೆಲೆ ವರ್ಷಕ್ಕೆ 5 ಲಕ್ಷ ರೂಪಾಯಿ. ಒಬ್ಬೊಬ್ಬರಿಗೆ ಐದೈದು ಲಕ್ಷವಲ್ಲ, ಇಡೀ ಮನೆಗೆ ಸೇರಿ ಐದು ಲಕ್ಷ. ಅಪ್ಪನ ಹಾರ್ಟ್ ಆಪರೇಷನ್ನಿಗೂ ಅದೇ, ಮಗಳ ಕ್ಯಾನ್ಸರ್ ಚಿಕಿತ್ಸೆಗೂ ಅದೇ. ನಿಮ್ಮ ಕಾರ್ಡಿನಲ್ಲಿ ಇನ್ಯಾರೋ ಮಲಗಿ ಎದ್ದು ಹೋದರೆ, ನಾಳೆ ನಿಮ್ಮ ಮನೆಯವರು ಆಸ್ಪತ್ರೆ ಸೇರುವ ಹೊತ್ತಿಗೆ ಆ ದುಡ್ಡು ಇರುವುದಿಲ್ಲ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2023ರ ಆಗಸ್ಟಿನಲ್ಲಿ ಇದೇ ಆಯುಷ್ಮಾನ್ ಯೋಜನೆಯ ಬಗ್ಗೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಸಂಸತ್ತಿನ ಮುಂದೆ ಬಂತು. ದೇಶದಲ್ಲಿ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇತ್ತು: 9999999999. ಸತ್ತಿದ್ದಾರೆಂದು ದಾಖಲೆಯಲ್ಲಿದ್ದ 3,446 ರೋಗಿಗಳ ಚಿಕಿತ್ಸೆಗೆ ಆಮೇಲೂ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಸತ್ತವರ ಹೆಸರಿನಲ್ಲಿ ಬಿಲ್ಲು! ಬದುಕಿರುವ ಬಡವರು ಮಾತ್ರ ರೆಫರಲ್ ಚೀಟಿ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯಬೇಕು.

ನಮ್ಮ ಕಡೆಯ ಒಂದು ಮನೆಯಲ್ಲಿ ನಡೆದದ್ದು ಕೇಳಿ. ಮೊಣಕಾಲು ಮುರಿದ ಅಜ್ಜನನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಕಾರ್ಡು ಕೊಟ್ಟರು. ನಾಟಿ, ಕಳೆ ಎಂದು ದುಡಿದು ಗೆರೆ ಸವೆದ ಹೆಬ್ಬೆಟ್ಟು ಮಷಿನ್ನಿಗೆ ಹತ್ತಲಿಲ್ಲ. ಒರೆಸಿ ಒರೆಸಿ ಒತ್ತಿಸಿದರು. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ, "ರಾಡು ಕಾರ್ಡಿಗೆ ಬರಲ್ಲ ಅಣ್ಣ, ಅದಕ್ಕೆ ಬೇರೆ ಕಟ್ಟಬೇಕು" ಎಂದರು. ಸೊಸೆಯ ಓಲೆ ಗಿರವಿಗೆ ಹೋಯಿತು. ಕಟ್ಟಿದ ದುಡ್ಡಿಗೆ ರಸೀದಿ ಕೊಡಲಿಲ್ಲ. ಆದರೆ ಯೋಜನೆಯ ಪ್ಯಾಕೇಜಿನಲ್ಲಿ ಹಾಸಿಗೆ, ಔಷಧಿ, ಪರೀಕ್ಷೆ, ಒಳಗೆ ಕೂರಿಸುವ ರಾಡು-ಪ್ಲೇಟು ಎಲ್ಲವೂ ಸೇರಿರುತ್ತದೆ. ಒಂದೇ ಕಾಲಿಗೆ ಸರ್ಕಾರದಿಂದಲೂ ದುಡ್ಡು, ಅಜ್ಜನ ಮನೆಯಿಂದಲೂ ದುಡ್ಡು.

ತಪ್ಪು ಆಸ್ಪತ್ರೆಯವರದ್ದು ಮಾತ್ರ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಪರವೂರಿನಿಂದ ಬಂದ ನೆಂಟರಿಗೆ "ಒಂದ್ಸಲ ತಾನೆ" ಎಂದು ಕಾರ್ಡು ಕೊಡುವವರು ನಮ್ಮಲ್ಲಿದ್ದಾರೆ. ಕಾರು, ಎಕರೆಗಟ್ಟಲೆ ಅಡಿಕೆ ತೋಟ ಇಟ್ಟುಕೊಂಡು ಬಿಪಿಎಲ್ ಕಾರ್ಡು ಹಿಡಿದವರೂ ಇದ್ದಾರೆ. ಕಾಲುವೆಯ ತಲೆಯಲ್ಲಿ ಕಂಡಿ ಕೊರೆದರೆ ಕೊನೆಯ ಗದ್ದೆಯ ಗತಿ ಏನೆಂದು ಅಂಬ್ಲಿಗೊಳ ಡ್ಯಾಮಿನ ಕೆಳಗೆ ಬೇಸಾಯ ಮಾಡುವ ನಮಗೆ ಬಿಡಿಸಿ ಹೇಳಬೇಕೆ? ಬಿಪಿಎಲ್ ಎಂದು ಸುಳ್ಳು ಹೇಳುವ ಅಗತ್ಯವೂ ಇಲ್ಲ. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ.

ಯೋಜನೆ ಕೈತಪ್ಪಿದರೆ ಹೇಗಿರುತ್ತದೆಂದು ಸೊಸೈಟಿ ಸದಸ್ಯರಿಗೆ ಗೊತ್ತು. ಸಹಕಾರ ಸಂಘದ ಸದಸ್ಯರಿಗೆಂದು 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ನಿಂತಿತು. ಮತ್ತೆ ಜಾರಿಗೆ ಬರಲು 2023 ಆಗಬೇಕಾಯಿತು.

ಆದ್ದರಿಂದ ಕೈಮುಗಿದು ಕೇಳುತ್ತೇವೆ. ಉಚಿತ ತಪಾಸಣೆ ಎಂದು ಊರಿಗೆ ಬಂದವರಿಗೆ ಕಾರ್ಡು, ಆಧಾರ್, ಹೆಬ್ಬೆಟ್ಟು, ಮೊಬೈಲಿಗೆ ಬಂದ ಒಟಿಪಿ ಯಾವುದನ್ನೂ ಕೊಡಬೇಡಿ. ಕಾಯಿಲೆ ಬಂದರೆ ಮೊದಲು ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗಿ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರೇ ರೆಫರಲ್ ಬರೆದುಕೊಡಬೇಕು, ಅದಕ್ಕೆ ಏಜೆಂಟರ ಕೈ ಬಿಸಿ ಮಾಡಬೇಕಿಲ್ಲ. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗೆ ರೆಫರಲ್ಲೇ ಬೇಡ. ಆಸ್ಪತ್ರೆಯಲ್ಲಿ ಕಾರ್ಡುದಾರರಿಗೆ ನೆರವಾಗಲು ಇರುವ ಆರೋಗ್ಯಮಿತ್ರ ಎಲ್ಲಿ ಎಂದು ಕೇಳಿ. ಯಾವ ಚಿಕಿತ್ಸೆಗೆ ಎಷ್ಟು ದುಡ್ಡು ಮಂಜೂರಾಗಿದೆ ಎಂದು ಕೇಳಿ, ಬರೆಸಿಕೊಳ್ಳಿ. ಮೇಲೆ ದುಡ್ಡು ಕೇಳಿದರೆ ಅಲ್ಲಿಂದಲೇ 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿ. ಕಟ್ಟಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ದೂರು ಕೊಡಲು ಅದೇ ಆಧಾರ.

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು ಬನ್ನಿ. ಡಿಸ್ಚಾರ್ಜ್ ಚೀಟಿ, ಬಿಲ್ಲು ಏನಿದೆಯೋ ತನ್ನಿ, ಏನೂ ಇಲ್ಲದಿದ್ದರೆ ನಡೆದದ್ದನ್ನು ಬಾಯಲ್ಲೇ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಎಲ್ಲ ದೂರುಗಳನ್ನೂ ಒಟ್ಟು ಮಾಡಿ, ಸಭೆಯ ನಡಾವಳಿಯಲ್ಲಿ ದಾಖಲಿಸಿ, ಜಿಲ್ಲಾ ಆರೋಗ್ಯಾಧಿಕಾರಿಗೂ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೂ ಕಳಿಸೋಣ. ಅಜ್ಜನ ಮನೆಯವರೂ ಬರುತ್ತಾರೆ.

– ಅಂಬ್ಲಿಗೊಳದ ಕಾರ್ಡುದಾರರು